ಕುಸುಬಿ ಎಣ್ಣೆ, ಮಾಯದ ಗಾಯ, ಕರುಳಿನ ಕ್ಯಾನ್ಸರ್

2024ರ ಡಿಸೆಂಬರ್‌ನಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಫ್ಲೋರಿಡಾದ ಸಂಶೋಧಕರ ವರದಿಯೊಂದು ಬಂತು. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳೊಳಗೆ ಯಾವ ಬಗೆಯ ಕೊಬ್ಬಿನ ಅಂಶಗಳಿವೆ ಎಂದು ಅವರು ಅಳೆದಿದ್ದರು. 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಅದು ಕರುಳಿನ ಬ್ಯಾಕ್ಟೀರಿಯಾ ಬಿಡುವ ಒಂದು ವಿಷವನ್ನು ಕುರಿತದ್ದು. ಎರಡೂ ಸುದ್ದಿಗಳು ಮೊಬೈಲ್‌ಗೆ ಇಳಿಯುವಷ್ಟರಲ್ಲಿ ಒಂದು ಸಾಲಿಗೆ ಕುಗ್ಗಿದ್ದವು: ಬೀಜದ ಎಣ್ಣೆ ತಿಂದರೆ ಕರುಳು ಉರಿಯುತ್ತದೆ, ಉರಿದ ಕರುಳು ಕ್ಯಾನ್ಸರ್ ಆಗುತ್ತದೆ.

ಈ ಮಾತು ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಅಡುಗೆಮನೆಗೆ ನೇರವಾಗಿ ತಾಗುತ್ತದೆ. ಬಿಳಿಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ, ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಬೇಲಿಯಾಗಿ ಕುಸುಬಿ ಬಿತ್ತಿದ ನಾಡು ಇದು. ಗಾಣದಿಂದ ತಂದ ಕುಸುಬಿ ಎಣ್ಣೆ ಹೃದಯಕ್ಕೆ ಒಳ್ಳೆಯದೆಂದು ಕೇಳುತ್ತ ಬಂದವರಿಗೆ ಈಗ ಅದೇ ಎಣ್ಣೆ ಕರುಳಿಗೆ ಕೇಡು ಎಂಬ ಸುದ್ದಿ. ಗೊಂದಲ ಸಹಜ. ಆದರೆ ಎಣ್ಣೆಯ ಗದ್ದಲದಲ್ಲಿ ಮುಖ್ಯ ಮಾತು ಮುಚ್ಚಿಹೋಗುತ್ತಿದೆ. ಕರುಳಿನಲ್ಲಿ ವರ್ಷಗಟ್ಟಲೆ ಮಾಯದೆ ಉಳಿಯುವ ಉರಿಯೂತ ನಿಜವಾಗಿಯೂ ಕ್ಯಾನ್ಸರಿಗೆ ದಾರಿಯಾಗಬಲ್ಲದು. ಆ ದಾರಿ ಹೇಗಿದೆ ಎಂಬುದು ಸಾಕಷ್ಟು ಗೊತ್ತಾಗಿದೆ. ಅದನ್ನು ನಡುವೆಯೇ ತಡೆಯುವ ಉಪಾಯಗಳೂ ಇವೆ.

ಯಾವ ಉರಿಯೂತದ ಮಾತು ಇದು?

ಊಟದ ಮೇಲೆ ಎದೆಯುರಿ, ಗ್ಯಾಸ್, ಹೊಟ್ಟೆಯುಬ್ಬರ ಇವು ಯಾವುವೂ ಇಲ್ಲಿ ಹೇಳುತ್ತಿರುವ ಉರಿಯೂತವಲ್ಲ. ಚಿಂತೆಯಾದಾಗ ಹೊಟ್ಟೆ ಕೆಡುವ, ಒಮ್ಮೆ ಮಲಬದ್ಧತೆ ಒಮ್ಮೆ ಜುಲಾಬು ಎಂದು ಕಾಡುವ ‘ಐಬಿಎಸ್’ ಕೂಡ ಬೇರೆ. ಅದರಲ್ಲಿ ಕರುಳಿನ ಚಲನೆ ಮತ್ತು ನರಗಳ ಸೂಕ್ಷ್ಮತೆ ಏರುಪೇರಾಗಿರುತ್ತದೆಯೇ ಹೊರತು ಒಳಪದರದಲ್ಲಿ ಗಾಯ ಇರುವುದಿಲ್ಲ. ಅದು ಕ್ಯಾನ್ಸರ್ ಆಗುವುದಿಲ್ಲ. ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸವಿರುವ ‘ಐಬಿಡಿ’ ಗಾಯದ ಕಾಯಿಲೆ. ಇದರಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ದೊಡ್ಡ ಕರುಳಿನ ಒಳಪದರದುದ್ದಕ್ಕೂ ಮೇಲೇರುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಾದರೂ ಬರಬಹುದು, ನಡುನಡುವೆ ಚೆನ್ನಾಗಿರುವ ಭಾಗವನ್ನು ಬಿಟ್ಟುಬಿಟ್ಟು ಬರುತ್ತದೆ, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ.

ಇವು ಪಾಶ್ಚಾತ್ಯರ ಕಾಯಿಲೆಗಳು ಎಂಬ ನಂಬಿಕೆ ಬಹಳ ಕಾಲ ಇತ್ತು. ಪಂಜಾಬಿನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು 1 ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ ಎಂದು ತೋರಿಸಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಅಮೀಬಾದಿಂದಲೋ ಕೆಟ್ಟ ನೀರಿನಿಂದಲೋ ಬರುವ ಆಮಶಂಕೆಯಲ್ಲೂ ಕರುಳು ಉರಿಯುತ್ತದೆ, ರಕ್ತ ಬೀಳುತ್ತದೆ. ಆದರೆ ಸರಿಯಾದ ಔಷಧ ಬಿದ್ದರೆ ವಾರದೊಳಗೆ ಹಿಡಿತಕ್ಕೆ ಬರುತ್ತದೆ, ಗಾಯ ಮಾಯುತ್ತದೆ. ಕ್ಯಾನ್ಸರಿನ ಲೆಕ್ಕದಲ್ಲಿ ದಿನಗಳು, ವಾರಗಳು ಬರುವುದಿಲ್ಲ. ಅಲ್ಲಿ ಎಣಿಕೆ ವರ್ಷಗಳದ್ದು.

ಗಾಯ ಮಾಯುವುದು ಎಂದರೇನು?

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಒಳಮೈ ತುಂಬ ಲಕ್ಷಾಂತರ ಸಣ್ಣ ಕುಳಿಗಳಿವೆ. ಪ್ರತಿ ಕುಳಿಯ ತಳದಲ್ಲಿ ಕೆಲವು ಆಕರಕೋಶಗಳು ಕೂತಿರುತ್ತವೆ. ಅವು ಒಡೆದು ಹೊಸ ಜೀವಕೋಶ ಹುಟ್ಟುತ್ತದೆ, ಅದು ಕುಳಿಯ ಗೋಡೆ ಹತ್ತುತ್ತ ಮೇಲಕ್ಕೆ ಬಂದು, 3ರಿಂದ 5 ದಿನದಲ್ಲಿ ಉದುರಿಹೋಗುತ್ತದೆ. ಹೀಗಾಗಿ ಒಳಪದರ ವಾರಕ್ಕೊಮ್ಮೆ ಹೊಸದಾದಂತೆಯೇ. ಮೇಲೆ ಲೋಳೆಯ ಹೊದಿಕೆ. ಅದರಾಚೆ ಕೋಟ್ಯಂತರ ಬ್ಯಾಕ್ಟೀರಿಯಾ.

ಹೊದಿಕೆ ಹರಿದು ಬ್ಯಾಕ್ಟೀರಿಯಾ ಒಳಗೆ ತಾಗಿದರೆ ರಕ್ಷಣಾಕೋಶಗಳು ಧಾವಿಸುತ್ತವೆ. ಅವು ಎರಡು ಕೆಲಸ ಮಾಡುತ್ತವೆ. ಒಂದು, ಆಮ್ಲಜನಕ ಮತ್ತು ಸಾರಜನಕದ ಉಗ್ರ ಅಣುಗಳನ್ನು ಉಗುಳಿ ಬ್ಯಾಕ್ಟೀರಿಯಾ ಕೊಲ್ಲುವುದು. ಇನ್ನೊಂದು, ಹರಿದ ಜಾಗ ತುಂಬಲು ಕುಳಿಯ ತಳದ ಆಕರಕೋಶಗಳಿಗೆ ‘ಬೇಗ ಒಡೆಯಿರಿ’ ಎಂದು ರಾಸಾಯನಿಕ ಸಂದೇಶ ಕಳಿಸುವುದು. ಗಾಯ ಮುಚ್ಚಿದ ಮೇಲೆ ಈ ಗದ್ದಲ ತಾನಾಗಿ ತಣ್ಣಗಾಗುತ್ತದೆ ಎಂದು ಮೊದಲು ತಿಳಿದಿದ್ದರು. ಹಾಗಲ್ಲ. ಉರಿಯೂತವನ್ನು ಆರಿಸಲು ದೇಹ ಬೇರೆಯೇ ಸಂದೇಶಗಳನ್ನು ತಯಾರಿಸುತ್ತದೆ. ರಿಸಾಲ್ವಿನ್, ಪ್ರೊಟೆಕ್ಟಿನ್ ಮುಂತಾದ ಈ ಅಣುಗಳು ಒಮೆಗಾ-3 ಕೊಬ್ಬಿನಿಂದ ಆಗುತ್ತವೆ. ಉರಿಯೂತ ಹೊತ್ತಿಸುವ ಹಲವು ಸಂದೇಶಗಳು ಒಮೆಗಾ-6 ಕೊಬ್ಬಿನಿಂದ ಆಗುತ್ತವೆ.

ಫ್ಲೋರಿಡಾದ ಅಧ್ಯಯನ ಕಂಡದ್ದು ಇದರ ಏರುಪೇರನ್ನು. 81 ರೋಗಿಗಳ ಗಡ್ಡೆಗಳಲ್ಲಿ ಉರಿಯೂತ ಹೊತ್ತಿಸುವ ಅಣುಗಳು ಹೆಚ್ಚಿದ್ದವು, ಆರಿಸುವ ಅಣುಗಳು ಕಡಿಮೆ ಇದ್ದವು. ಕ್ಯಾನ್ಸರ್ ಗಡ್ಡೆಯೆಂದರೆ ಮಾಯದ ಗಾಯವಿದ್ದಂತೆ ಎಂದು ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಹೇಳಿದ್ದರು. ಅದಕ್ಕೂ ಬಹಳ ಹಿಂದೆ, 1863ರಲ್ಲಿ, ಜರ್ಮನಿಯ ರುಡಾಲ್ಫ್ ವಿರ್ಶೋ ಕ್ಯಾನ್ಸರಿಗೂ ಉರಿಯೂತಕ್ಕೂ ನಂಟಿದೆ ಎಂದು ಊಹಿಸಿದ್ದರು. ಹೊಸ ವರದಿ ಈ ಹಳೆಯ ತಿಳಿವಳಿಕೆಗೆ ರಾಸಾಯನಿಕ ವಿವರ ಕೊಟ್ಟಿದೆ.

ಗಾಯದಿಂದ ಗಡ್ಡೆಯವರೆಗೆ

ಉರಿಯೂತ ಆರದೆ ವರ್ಷಗಟ್ಟಲೆ ಉಳಿದರೆ ಏನಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು.

ಬ್ಯಾಕ್ಟೀರಿಯಾ ಕೊಲ್ಲಲು ಉಗುಳಿದ ಉಗ್ರ ಅಣುಗಳಿಗೆ ತನ್ನವರು ಪರರು ಎಂಬ ಭೇದವಿಲ್ಲ. ಅವು ಪಕ್ಕದ ಕರುಳಕೋಶದ ಡಿಎನ್‌ಎಯನ್ನೂ ಸುಡುತ್ತವೆ. ಕೋಶದೊಳಗೆ ದುರಸ್ತಿ ವ್ಯವಸ್ಥೆ ಇದೆ, ಆದರೆ ದುರಸ್ತಿಗೆ ಸಮಯ ಬೇಕು. ಉರಿಯೂತ ಆ ಸಮಯವನ್ನೇ ಕೊಡುವುದಿಲ್ಲ. ಗಾಯ ತುಂಬಬೇಕು, ಬೇಗ ಒಡೆ ಎಂದು ಒತ್ತಾಯಿಸುತ್ತಿರುತ್ತದೆ. ಡಿಎನ್‌ಎ ತಪ್ಪು ಹಾಗೇ ಉಳಿದು, ಕೋಶ ಒಡೆದಾಗ ಮರಿಕೋಶಕ್ಕೂ ಹೋಗುತ್ತದೆ. ಮೇಲೆ ಹತ್ತಿ ಉದುರಿಹೋಗುವ ಕೋಶದಲ್ಲಿ ತಪ್ಪಾದರೆ ಚಿಂತೆಯಿಲ್ಲ, ಕೋಶದೊಂದಿಗೆ ಅದೂ ಹೋಗುತ್ತದೆ. ಕುಳಿಯ ತಳದ ಆಕರಕೋಶದಲ್ಲಿ ತಪ್ಪಾದರೆ ಅದು ಶಾಶ್ವತ.

ಎರಡನೆಯ ಸಂಗತಿ, ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶಗಳು ಕೋಶಕ್ಕೆ ‘ಸಾಯಬೇಡ, ಬೆಳೆ’ ಎಂಬ ಆಜ್ಞೆಯನ್ನೂ ಕೊಡುತ್ತವೆ. ಹಾಳಾದ ಕೋಶ ತಾನಾಗಿ ಸಾಯುವುದು ದೇಹದ ನಿಯಮ. ಆ ನಿಯಮವನ್ನು ಕಾಯುವುದು ಪಿ53 ಎಂಬ ವಂಶವಾಹಿ. ಉರಿಯೂತದ ಕರುಳಿನಲ್ಲಿ ಮೊದಮೊದಲೇ ಹಾಳಾಗುವವುಗಳಲ್ಲಿ ಈ ಕಾವಲುಗಾರನೂ ಒಬ್ಬ. ಕಣ್ಣಿಗೆ ಇನ್ನೂ ಯಾವ ಗಡ್ಡೆಯೂ ಕಾಣದ, ಬರೀ ಕೆಂಪಗಾದ ಜಾಗದ ಕೋಶಗಳಲ್ಲೂ ಪಿ53 ಕೆಟ್ಟಿರುವುದು ಪತ್ತೆಯಾಗಿದೆ. ಪಿ53 ಕೆಟ್ಟ ಕೋಶ ಉರಿಯೂತದ ಹೊಡೆತಕ್ಕೆ ಸಾಯುವುದಿಲ್ಲ, ಪಕ್ಕದ ಒಳ್ಳೆಯ ಕೋಶಗಳು ಸಾಯುತ್ತವೆ, ಖಾಲಿಯಾದ ಜಾಗಕ್ಕೆ ಇದೇ ಕೆಟ್ಟ ಕೋಶದ ಸಂತತಿ ಹಬ್ಬುತ್ತದೆ. ಹೊಲದಲ್ಲಿ ಬೆಳೆ ಒಣಗಿದ ಕಡೆ ಕಸ ಹಬ್ಬಿದ ಹಾಗೆ. ಹೀಗೆ ಒಂದು ಕುಳಿಯಲ್ಲಿ ಶುರುವಾದದ್ದು ಹಲವು ಸೆಂಟಿಮೀಟರ್ ಅಗಲಕ್ಕೆ ಹರಡುತ್ತದೆ.

ಸಾಮಾನ್ಯ ಜನರಲ್ಲಿ ಬರುವ ಕರುಳಿನ ಕ್ಯಾನ್ಸರ್ ಹೀಗೆ ನಡೆಯುವುದಿಲ್ಲ. ಅಲ್ಲಿ ಹೆಚ್ಚಾಗಿ ಎಪಿಸಿ ಎಂಬ ವಂಶವಾಹಿ ಮೊದಲು ಕೆಡುತ್ತದೆ, ಮೊಲೆತೊಟ್ಟಿನಂಥ ಪಾಲಿಪ್ ಬೆಳೆಯುತ್ತದೆ, 10-15 ವರ್ಷದಲ್ಲಿ ಅದು ಕ್ಯಾನ್ಸರ್ ಆಗುತ್ತದೆ, ಪಿ53 ಕೆಡುವುದು ಕೊನೆಕೊನೆಗೆ. ಕೊಲೈಟಿಸ್‌ನಲ್ಲಿ ಈ ಕ್ರಮ ತಿರುವುಮುರುವು. ಈ ವ್ಯತ್ಯಾಸದ ಪರಿಣಾಮ ದೊಡ್ಡದು. ಪಾಲಿಪ್ ಎದ್ದು ಕಾಣುತ್ತದೆ, ಗುದದ ಮೂಲಕ ದುರ್ಬೀನು ಹಾಯಿಸಿ ನೋಡುವ ಕೊಲೊನೋಸ್ಕೋಪಿಯಲ್ಲಿ ತಂತಿಯ ಕುಣಿಕೆ ಹಾಕಿ ಕತ್ತರಿಸಬಹುದು. ಕೊಲೈಟಿಸ್‌ನ ಕ್ಯಾನ್ಸರ್‌ಪೂರ್ವ ಸ್ಥಿತಿ, ಅಂದರೆ ಡಿಸ್‌ಪ್ಲೇಸಿಯಾ, ಅನೇಕ ಬಾರಿ ಚಪ್ಪಟೆಯಾಗಿ ಸುತ್ತಲಿನ ಕೆಂಪಿನಲ್ಲಿ ಕರಗಿಹೋಗಿರುತ್ತದೆ. ಹುಡುಕುವ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ.

ಬ್ಯಾಕ್ಟೀರಿಯಾದ ಸುದ್ದಿ ಸೇರುವುದು ಇಲ್ಲಿಯೇ. ಕೆಲವು ಇ. ಕೋಲಿ ತಳಿಗಳು ಕೋಲಿಬ್ಯಾಕ್ಟಿನ್ ಎಂಬ ವಿಷ ಬಿಡುತ್ತವೆ. ಅದು ಡಿಎನ್‌ಎಯ ಎರಡು ಎಳೆಗಳನ್ನು ಹೊಲಿದಂತೆ ಬಂಧಿಸಿ ತನ್ನದೇ ಗುರುತು ಬಿಟ್ಟುಹೋಗುತ್ತದೆ. ‘ನೇಚರ್’ ಅಧ್ಯಯನ 11 ದೇಶಗಳ 981 ಗಡ್ಡೆಗಳನ್ನು ಪರೀಕ್ಷಿಸಿ, 40 ವರ್ಷದೊಳಗೆ ಕ್ಯಾನ್ಸರ್ ಬಂದವರಲ್ಲಿ ಈ ಗುರುತು 70 ದಾಟಿದವರಿಗಿಂತ 3.3 ಪಟ್ಟು ಹೆಚ್ಚೆಂದು ಹೇಳಿತು. ಆ 11 ದೇಶಗಳಲ್ಲಿ ಭಾರತ ಇರಲಿಲ್ಲ. ಗುರುತು ಸಿಕ್ಕಿದ ಮಾತ್ರಕ್ಕೆ ಕಾರಣ ಅದೊಂದೇ ಎಂದಾಗುವುದಿಲ್ಲ. ಈ ಬ್ಯಾಕ್ಟೀರಿಯಾ ಆರೋಗ್ಯವಂತರಲ್ಲೂ ಇರುತ್ತದೆ. ಆದರೆ ಉರಿಯೂತದಿಂದ ಲೋಳೆಯ ಹೊದಿಕೆ ತೆಳುವಾದ ಕರುಳಿನಲ್ಲಿ ಅದು ಕೋಶದ ಸಮೀಪಕ್ಕೆ ಬರುತ್ತದೆ, ವಿಷ ತಾಗುವ ಅವಕಾಶ ಹೆಚ್ಚುತ್ತದೆ.

ಅಪಾಯ ಎಷ್ಟು?

ಅಲ್ಸರೇಟಿವ್ ಕೊಲೈಟಿಸ್ ಇದ್ದವರಲ್ಲಿ ಕರುಳಿನ ಕ್ಯಾನ್ಸರ್ ಬಂದದ್ದನ್ನು 1925ರಲ್ಲೇ ದಾಖಲಿಸಿದ್ದಾರೆ. ಪ್ರಮಾಣದ ಬಗ್ಗೆ ಮಾತ್ರ ಲೆಕ್ಕ ಬದಲಾಗುತ್ತ ಬಂದಿದೆ. 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಾಯಿಲೆ ಶುರುವಾಗಿ 10 ವರ್ಷಕ್ಕೆ ಶೇ 2, 20 ವರ್ಷಕ್ಕೆ ಶೇ 8, 30 ವರ್ಷಕ್ಕೆ ಶೇ 18 ಎಂದು ಬಂತು. 2013ರ ಇಂಥದೇ ಇನ್ನೊಂದು ಲೆಕ್ಕದಲ್ಲಿ ಐಬಿಡಿ ರೋಗಿಗಳಲ್ಲಿ 10 ವರ್ಷಕ್ಕೆ ಶೇ 1, 20 ವರ್ಷಕ್ಕೆ ಶೇ 2, ಅದಕ್ಕೂ ಮೀರಿದರೆ ಶೇ 5. ಹಳೆಯ ಅಂಕಿಗಳು ದೊಡ್ಡ ಆಸ್ಪತ್ರೆಗಳಿಗೆ ಬಂದ ಗಂಭೀರ ರೋಗಿಗಳಿಂದ ಬಂದವು, ಆಗ ಔಷಧಗಳೂ ಕಡಿಮೆ. ಈಗ ಔಷಧ ಉತ್ತಮಗೊಂಡಿದೆ, ಕೊಲೊನೋಸ್ಕೋಪಿ ನಿಗಾ ಇದೆ. ಇಳಿಕೆಗೆ ಇವೇ ಕಾರಣವೆಂದು ಹೆಚ್ಚಿನವರ ಅಭಿಪ್ರಾಯ. ಆದರೆ ಇಲ್ಲೊಂದು ಎಚ್ಚರ ಬೇಕು: ಔಷಧ ಮತ್ತು ನಿಗಾ ಎರಡೂ ಇಲ್ಲದೆ 15 ವರ್ಷ ಕಳೆದ ರೋಗಿಗೆ ಹೊಸ ಅಂಕಿಯ ಸಮಾಧಾನ ಸಲ್ಲುವುದಿಲ್ಲ. ಅಥಣಿಯ ಅಥವಾ ಸಿಂದಗಿಯ ಹಳ್ಳಿಯಲ್ಲಿ ರಕ್ತ ಬಿದ್ದಾಗಷ್ಟೇ ಮಾತ್ರೆ ನುಂಗುತ್ತ ಬಂದವರ ಸ್ಥಿತಿ ಹಳೆಯ ಅಂಕಿಗೆ ಹತ್ತಿರ.

ಇನ್ನೊಂದು ಬದಿಯನ್ನೂ ಹೇಳಬೇಕು. 2022ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ, ಭಾರತದಲ್ಲಿ ಸುಮಾರು 70 ಸಾವಿರ ಮಂದಿಗೆ ಹೊಸದಾಗಿ ಕರುಳಿನ ಕ್ಯಾನ್ಸರ್ ಬಂತು. ಒಟ್ಟು ಕರುಳಿನ ಕ್ಯಾನ್ಸರ್‌ಗಳಲ್ಲಿ ಕೊಲೈಟಿಸ್‌ನಿಂದ ಆಗುವವು ಶೇ 1-2 ಮಾತ್ರ. ಉಳಿದವುಗಳ ಹಿಂದೆ ವಯಸ್ಸು, ವಂಶ, ತೂಕ, ಮದ್ಯ, ಬೀಡಿ-ಸಿಗರೇಟು, ಸಂಸ್ಕರಿಸಿದ ಮಾಂಸ ಇಂಥ ಕಾರಣಗಳಿವೆ.

ಕೊಲೈಟಿಸ್ ಇದ್ದವರಲ್ಲೂ ಎಲ್ಲರಿಗೂ ಒಂದೇ ಅಪಾಯವಿಲ್ಲ. ಗುದನಾಳಕ್ಕಷ್ಟೇ ಸೀಮಿತವಾಗಿದ್ದರೆ ಅಪಾಯ ಹೆಚ್ಚುಕಡಿಮೆ ಸಾಮಾನ್ಯರಷ್ಟೇ. ಎಡಭಾಗದವರೆಗೆ ಹಬ್ಬಿದ್ದರೆ ಹೆಚ್ಚು, ಇಡೀ ದೊಡ್ಡ ಕರುಳನ್ನು ಹಿಡಿದಿದ್ದರೆ ಇನ್ನೂ ಹೆಚ್ಚು. ಕ್ರೋನ್ಸ್‌ನಲ್ಲಿ ದೊಡ್ಡ ಕರುಳಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಿಡಿದಿದ್ದರೆ ಇದೇ ಲೆಕ್ಕ. ತಂದೆ-ತಾಯಿ, ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಕರುಳಿನಲ್ಲಿ ಕಿರಿದಾದ ಜಾಗವಿದ್ದರೆ ಅಪಾಯ ಏರುತ್ತದೆ. ಎಲ್ಲಕ್ಕಿಂತ ಹೆಚ್ಚು ಅಪಾಯ ಪಿತ್ತನಾಳಗಳೂ ಉರಿದು ಕಿರಿದಾಗುವ ‘ಪಿಎಸ್‌ಸಿ’ ಎಂಬ ಕಾಯಿಲೆ ಜೊತೆಗಿದ್ದವರಿಗೆ.

ಎಣ್ಣೆಯ ವಾದ, ಪ್ರತಿವಾದ

ಬೀಜದ ಎಣ್ಣೆ ವಿರೋಧಿಗಳ ತರ್ಕ ಹೀಗಿದೆ: ಕುಸುಬಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಲಿನೋಲೆಯಿಕ್ ಎಂಬ ಒಮೆಗಾ-6 ಆಮ್ಲ ತುಂಬಿದೆ. ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಅದು ಶೇ 75ರ ಆಸುಪಾಸು, ಸೂರ್ಯಕಾಂತಿಯಲ್ಲಿ ಶೇ 60ರಷ್ಟು, ಶೇಂಗಾ ಎಣ್ಣೆಯಲ್ಲಿ ಶೇ 30ರಷ್ಟು. ದೇಹ ಇದರಿಂದ ಅರಾಕಿಡೋನಿಕ್ ಆಮ್ಲ ಮಾಡುತ್ತದೆ, ಅದರಿಂದ ಉರಿಯೂತದ ಸಂದೇಶಗಳಾಗುತ್ತವೆ. ಆದ್ದರಿಂದ ಎಣ್ಣೆ ಹೆಚ್ಚಿದಷ್ಟೂ ಉರಿಯೂತ ಹೆಚ್ಚು.

ತರ್ಕದ ಕೊಂಡಿಗಳು ಕಾಗದದ ಮೇಲೆ ಸರಿಯಾಗಿವೆ, ದೇಹದಲ್ಲಿ ಮಾತ್ರ ನಡುವೆ ಕಡಿಯುತ್ತವೆ. ಲಿನೋಲೆಯಿಕ್ ಹೆಚ್ಚು ತಿಂದ ಮಾತ್ರಕ್ಕೆ ರಕ್ತದಲ್ಲಿ ಅರಾಕಿಡೋನಿಕ್ ಆಮ್ಲ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ದೇಹ ಆ ಪರಿವರ್ತನೆಯನ್ನು ಬಿಗಿಯಾಗಿ ಹಿಡಿದಿಡುತ್ತದೆ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಈ ಎಣ್ಣೆಗಳಿಂದ ರಕ್ತದ ಉರಿಯೂತ ಸೂಚಕಗಳು ಏರಿದ್ದು ಕಂಡಿಲ್ಲ. ಇನ್ನು ಫ್ಲೋರಿಡಾದ ಅಧ್ಯಯನ ಗಡ್ಡೆಯ ತುಣುಕನ್ನು ನೋಡಿತು, ಯಾರು ಯಾವ ಎಣ್ಣೆ ಎಷ್ಟು ತಿಂದರು ಎಂದು ಅಳೆದು ಹೋಲಿಸಲಿಲ್ಲ. ಗಡ್ಡೆಯೇ ತನ್ನ ಸುತ್ತ ಇಂಥ ಏರುಪೇರು ಮಾಡಿಕೊಂಡಿರಬಹುದು. ಇಷ್ಟರಿಂದ ಕುಸುಬಿ ಎಣ್ಣೆಗೆ ಅಪರಾಧಿ ಪಟ್ಟ ಕಟ್ಟುವುದು ದುಡುಕು.

ಹಾಗಾದರೆ ಅಡುಗೆಮನೆಯಲ್ಲಿ ಮಾಡುವುದೇನೂ ಇಲ್ಲವೇ? ಇದೆ. ನಮ್ಮ ಭಾಗದ ಊಟದಲ್ಲಿ ಒಮೆಗಾ-3 ಕಡಿಮೆ, ಅಗಸಿಯೊಂದೇ ಅದರ ಒಳ್ಳೆಯ ಮೂಲ. ದಿನಕ್ಕೆ ಒಂದು ದೊಡ್ಡ ಚಮಚ, ಅಂದರೆ 7 ಗ್ರಾಂನಷ್ಟು ಕುಟ್ಟಿದ ಅಗಸಿಯಲ್ಲಿ ಸುಮಾರು ಒಂದೂವರೆ ಗ್ರಾಂ ಒಮೆಗಾ-3 ಸಿಗುತ್ತದೆ. ಅಗಸಿಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಬರುತ್ತದೆ, ಕುಟ್ಟಲೇಬೇಕು. ಕುಟ್ಟಿದ್ದು ಗಾಳಿ-ಬೆಳಕಿಗೆ ಬೇಗ ಕೆಡುವುದರಿಂದ ಸಣ್ಣ ಪ್ರಮಾಣದಲ್ಲಿ ಮಾಡಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಅಗಸಿಯ ಒಮೆಗಾ-3 ಮೀನಿನೆಣ್ಣೆಯದಕ್ಕೆ ಸಮವಲ್ಲ. ಬೇಕಾದ ರೂಪಕ್ಕೆ ಬದಲಾಗುವುದು ಅದರ ಸಣ್ಣ ಪಾಲು ಮಾತ್ರ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬಗ್ಗೆ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕರಿದ ಎಣ್ಣೆಯಲ್ಲಿ, ಎಣ್ಣೆ ಕೆಟ್ಟಂತೆ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ನಿಯಮ ಮಾಡಿದೆ. ಮಿರ್ಚಿ ಅಂಗಡಿಯ ಬಾಣಲೆ ಕಪ್ಪಾಗಿ ನೊರೆಯುತ್ತಿದ್ದರೆ ಆ ಮಿತಿ ದಾಟಿದೆ ಎಂಬ ಅನುಮಾನ ಸರಿಯೇ.

ಜೋಳದ ರೊಟ್ಟಿಯ ಪರವಾಗಿ ಸಾಕ್ಷ್ಯ ಇನ್ನೂ ಬಲವಾಗಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಕರುಳಿನ ಬ್ಯಾಕ್ಟೀರಿಯಾ ನಾರನ್ನು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ. ಅದು ಕರುಳಕೋಶಗಳಿಗೆ ಆಹಾರ, ಉರಿಯೂತವನ್ನೂ ತಗ್ಗಿಸುತ್ತದೆ. ದಿನಕ್ಕೆ 10 ಗ್ರಾಂ ನಾರು ಹೆಚ್ಚಿದಾಗ ಕರುಳಿನ ಕ್ಯಾನ್ಸರ್ ಅಪಾಯ ಶೇ 10ರಷ್ಟು ಇಳಿಯುವುದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕೊಲೈಟಿಸ್ ಕೆರಳಿ ದಿನಕ್ಕೆ ಎಂಟು ಹತ್ತು ಸಲ ಹೋಗುತ್ತಿರುವಾಗ, ಅಥವಾ ಕ್ರೋನ್ಸ್‌ನಿಂದ ಕರುಳು ಕಿರಿದಾದಾಗ ಕಟಕ್ ರೊಟ್ಟಿ, ಹಸಿ ಸೊಪ್ಪು, ಕಾಳು ಸಲ್ಲವು. ಆಗ ಮೆತ್ತಗಿನ ಅನ್ನ, ತೊಳೆಬೇಳೆಯ ತಿಳಿಸಾರು, ಮೊಟ್ಟೆ ಮೇಲು. ಕೆರಳಿದ್ದು ತಣ್ಣಗಾದ ಮೇಲೆ ರೊಟ್ಟಿಗೆ ಮರಳಬೇಕು. ಹೆದರಿ ಕಾಯಂ ಬಿಟ್ಟುಬಿಡುವುದು ನಷ್ಟದ ಬಾಬತ್ತು.

ಅರಿಷಿಣದ ಮಾತೂ ಬರುತ್ತದೆ. ಅಲ್ಸರೇಟಿವ್ ಕೊಲೈಟಿಸ್ ತಣ್ಣಗಿರುವಾಗ ಔಷಧದ ಜೊತೆಗೆ ಅರಿಷಿಣದ ಸಾರವಾದ ಕರ್ಕ್ಯುಮಿನ್ ದಿನಕ್ಕೆ 2 ಗ್ರಾಂ ಕೊಟ್ಟು ಅನುಕೂಲ ಕಂಡ ಪ್ರಯೋಗ ನಿಜವಾಗಿಯೂ ಇದೆ. ಆದರೆ ಅರಿಷಿಣಪುಡಿಯಲ್ಲಿ ಕರ್ಕ್ಯುಮಿನ್ ಶೇ 3ರಷ್ಟು. ರಾಯಬಾಗ, ಜಮಖಂಡಿ ಕಡೆಯ ಎಷ್ಟೇ ಒಳ್ಳೆಯ ಅರಿಷಿಣವಾದರೂ 2 ಗ್ರಾಂ ಕರ್ಕ್ಯುಮಿನ್‌ಗೆ ದಿನಕ್ಕೆ 60 ಗ್ರಾಂಗೂ ಮೇಲೆ ಬೇಕು. ರಾತ್ರಿಯ ಅರಿಷಿಣದ ಹಾಲು ಔಷಧದ ಜಾಗ ತುಂಬದು.

ಎಡವುವುದು ಎಲ್ಲಿ?

ಸಂಡಾಸದಲ್ಲಿ ರಕ್ತ ಕಂಡರೆ ಮೊದಲ ತೀರ್ಮಾನ ‘ಉಷ್ಣ ಆಗೇದ’ ಎಂಬುದು, ಎರಡನೆಯದು ಮೂಲವ್ಯಾಧಿ. ನಾಚಿಕೆಯಿಂದ ಯಾರಿಗೂ ಹೇಳದೆ, ಖಾರ ಬಿಟ್ಟು, ಮೂಲವ್ಯಾಧಿಯ ಪುಡಿ ತಿನ್ನುತ್ತ ಎರಡು ಮೂರು ವರ್ಷ ಕಳೆಯುವವರಿದ್ದಾರೆ. ಖಾರದಿಂದ ಕೊಲೈಟಿಸ್ ಬರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕೆರಳಿದ ಕರುಳಿಗೆ ಖಾರ ತಾಗುತ್ತದೆ, ಅಷ್ಟೆ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಕೆಂಪಗೆ, ಮಲದಿಂದ ಬೇರೆಯಾಗಿ, ಕೊನೆಯಲ್ಲಿ ತೊಟ್ಟಿಕ್ಕುತ್ತದೆ. ಕೊಲೈಟಿಸ್‌ನ ರಕ್ತ ಮಲದೊಂದಿಗೆ, ಲೋಳೆಯೊಂದಿಗೆ ಬೆರೆತಿರುತ್ತದೆ. ತಡೆಯಲಾಗದ ಅವಸರ, ಹೋಗಿ ಬಂದ ಮೇಲೂ ಇನ್ನೂ ಹೋಗಬೇಕೆನಿಸುವುದು, ಮುಖ್ಯವಾಗಿ ರಾತ್ರಿ ನಿದ್ದೆಯಿಂದ ಎಬ್ಬಿಸುವ ಜುಲಾಬು. ರಾತ್ರಿ ಎಬ್ಬಿಸುವ ಜುಲಾಬು ಐಬಿಎಸ್‌ನ ಲಕ್ಷಣವಲ್ಲ.

ಇನ್ನೊಂದು ತಪ್ಪು, ಮೆಡಿಕಲ್ ಶಾಪ್‌ನಿಂದ ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್ ಬೆರೆತ ಮಾತ್ರೆಗಳನ್ನು ಸಲಸಲಕ್ಕೂ ತಂದು ನುಂಗುವುದು. ಕೊಲೈಟಿಸ್ ತಾನಾಗಿಯೂ ಏರಿಳಿಯುವ ಕಾಯಿಲೆ. ಮಾತ್ರೆ ನುಂಗಿದ ವಾರದಲ್ಲೇ ಅದು ಇಳಿದರೆ ಮಾತ್ರೆಗೆ ಹೆಸರು ಬರುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ. ಮೂರು ನಾಲ್ಕು ವಾರ ದಾಟಿದ ರಕ್ತಭೇದಿಯನ್ನು ಪರೀಕ್ಷಿಸದೆ ಸೋಂಕೆಂದೇ ತಿಳಿಯುವುದು ತಪ್ಪು.

ಕ್ರೋನ್ಸ್‌ನಲ್ಲಿ ನಮ್ಮ ದೇಶದ ವಿಶೇಷ ತೊಡಕು ಕರುಳಿನ ಕ್ಷಯ. ಎರಡೂ ನೋಡಲು ಒಂದೇ ಥರ, ಕರುಳಿನ ಸಣ್ಣ ತುಣುಕು ತೆಗೆದು ನೋಡುವ ಬಯಾಪ್ಸಿಯಲ್ಲೂ ಅನೇಕ ಬಾರಿ ಬಿಡಿಸಲಾಗದು. ಕ್ಷಯವಿದ್ದವರಿಗೆ ಕ್ರೋನ್ಸ್ ಎಂದು ಸ್ಟಿರಾಯ್ಡ್ ಕೊಟ್ಟರೆ ಕ್ಷಯ ಹಬ್ಬುತ್ತದೆ. ಕ್ರೋನ್ಸ್ ಇದ್ದವರಿಗೆ ಕ್ಷಯದ ಔಷಧ ಕೊಡುತ್ತ ಹೋದರೆ ತಿಂಗಳುಗಟ್ಟಲೆ ಕರುಳು ಹಾಳಾಗುತ್ತದೆ. ಆದ್ದರಿಂದ ಸಂಶಯವಿದ್ದಾಗ ಕ್ಷಯದ ಔಷಧ ಶುರುಮಾಡಿ 2 ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯುತ್ತಿದೆಯೇ ಎಂದು ನೋಡುವ ಪದ್ಧತಿ ಇದೆ. ಈ ಎರಡನೆಯ ಪರೀಕ್ಷೆಯನ್ನು ‘ಆರಾಮ ಅನಸ್ತದ, ಮತ್ಯಾಕ’ ಎಂದು ಬಿಡುವಂತಿಲ್ಲ. ಕ್ರೋನ್ಸ್ ಇದ್ದವರಿಗೂ ಈ ಔಷಧದಿಂದ ಒಂದಿಷ್ಟು ಆರಾಮವೆನಿಸಬಹುದು, ಹುಣ್ಣು ಮಾತ್ರ ಹಾಗೇ ಇರುತ್ತದೆ.

ಆರಾಮ ಅನಿಸಿದರೆ ಸಾಕೇ?

ವೈದ್ಯರ ನಡುವೆ ನಡೆದಿರುವ ನಿಜವಾದ ಚರ್ಚೆ ಇದು. ರಕ್ತ ನಿಂತು, ಹೊಟ್ಟೆನೋವು ಹೋದರೆ ಸಾಕೆಂಬುದು ಹಳೆಯ ಗುರಿ. ಒಳಪದರ ಮಾಯಬೇಕು, ಅದನ್ನು ಕಣ್ಣಾರೆ ಕಾಣಬೇಕು ಎಂಬುದು ಈಗಿನ ಗುರಿ. ಪ್ರತಿ ಸಲ ಕೊಲೊನೋಸ್ಕೋಪಿ ಮಾಡುವುದು ಖರ್ಚಿನ, ತ್ರಾಸಿನ ಕೆಲಸವೆಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ನಡುವಿನ ದಾರಿ, ಕರುಳು ಉರಿದಾಗ ಮಲದಲ್ಲಿ ಏರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪರೀಕ್ಷೆ. ಪ್ರತಿ ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಉರಿಯೂತ ಇಲ್ಲವೆನ್ನಬಹುದು, 250 ದಾಟಿದ್ದರೆ ಲಕ್ಷಣವಿಲ್ಲದಿದ್ದರೂ ಒಳಗೆ ಬೆಂಕಿ ಇದೆ ಎಂದು ತಿಳಿಯಬೇಕು. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗುತ್ತಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಆ ಮಾತ್ರೆಗಳು ಕೊಲೈಟಿಸ್ ಅನ್ನೂ ಕೆರಳಿಸಬಲ್ಲವು.

ಅಲ್ಸರೇಟಿವ್ ಕೊಲೈಟಿಸ್‌ನ ಮೂಲ ಔಷಧ ಮೆಸಲಮಿನ್, ಕೆರಳಿದಾಗ ದಿನಕ್ಕೆ 2.4ರಿಂದ 4.8 ಗ್ರಾಂ. ಅದರ ಹಲವು ಮಾತ್ರೆಗಳ ಮೇಲಿನ ಲೇಪ ದೊಡ್ಡ ಕರುಳನ್ನು ಸಮೀಪಿಸಿದ ಮೇಲೆ ಕರಗುವಂತಿದೆ. ಕುಟ್ಟಿ ಪುಡಿಮಾಡಿದರೆ ಔಷಧ ಮೇಲೇ ಖರ್ಚಾಗಿ ಕೆಳಗೆ ತಲುಪುವುದಿಲ್ಲ. ಗುದನಾಳದ ಕಾಯಿಲೆಗೆ ರಾತ್ರಿ ಗುದದೊಳಗೆ ಇಡುವ 1 ಗ್ರಾಂ ಸಪೊಸಿಟರಿ ಬಾಯಿಯ ಮಾತ್ರೆಗಿಂತ ಹೆಚ್ಚು ಫಲ ಕೊಡುತ್ತದೆ, ಸಂಕೋಚಪಟ್ಟು ಬಿಡುವವರೇ ಹೆಚ್ಚು. ಮೆಸಲಮಿನ್ ಕ್ಯಾನ್ಸರನ್ನು ನೇರವಾಗಿ ತಡೆಯುತ್ತದೆಯೋ, ಗಾಯ ಮಾಯಿಸುವ ಮೂಲಕ ತಡೆಯುತ್ತದೆಯೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ; ತಪ್ಪದೆ ತೆಗೆದುಕೊಂಡವರಲ್ಲಿ ಅಪಾಯ ಕಡಿಮೆ ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ರಕ್ತ ನಿಂತ ತಿಂಗಳಿಗೆ ಮಾತ್ರೆ ನಿಲ್ಲಿಸುವುದು ಇಲ್ಲಿಯ ಅತಿ ಸಾಮಾನ್ಯ ತಪ್ಪು. ಸ್ಟಿರಾಯ್ಡ್ ಇದಕ್ಕೆ ತದ್ವಿರುದ್ಧ: ವಾರದಲ್ಲಿ ಪವಾಡದಂತೆ ಆರಾಮ ಕೊಡುತ್ತದೆ, ಆದರೆ ಕಾಯಿಲೆಯನ್ನು ತಣ್ಣಗಿಡಲಾರದು. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಂಡರೆ ಮೂಳೆ, ಸಕ್ಕರೆ, ಕಣ್ಣು ಕೆಡುತ್ತವೆ, ಕರುಳಿನ ಗಾಯ ಮಾತ್ರ ಮರಳುತ್ತದೆ.

8ನೆಯ ವರ್ಷದ ಕೊಲೊನೋಸ್ಕೋಪಿ

ಎಡಭಾಗ ಅಥವಾ ಇಡೀ ದೊಡ್ಡ ಕರುಳನ್ನು ಹಿಡಿದ ಕೊಲೈಟಿಸ್‌ನಲ್ಲಿ, ಲಕ್ಷಣ ಶುರುವಾದ 8ನೆಯ ವರ್ಷಕ್ಕೆ ಕ್ಯಾನ್ಸರ್ ನಿಗಾದ ಕೊಲೊನೋಸ್ಕೋಪಿ ಆಗಬೇಕು. ಲೆಕ್ಕ ಶುರುವಾಗುವುದು ಮೊದಲ ಲಕ್ಷಣದಿಂದ, ರೋಗ ಪತ್ತೆಯಾದ ದಿನದಿಂದಲ್ಲ. ನಾಲ್ಕು ವರ್ಷ ಮೂಲವ್ಯಾಧಿ ಎಂದು ಕಳೆದಿದ್ದರೆ ಆ ನಾಲ್ಕೂ ಸೇರುತ್ತವೆ. ಪಿಎಸ್‌ಸಿ ಇದ್ದರೆ ಪತ್ತೆಯಾದಂದಿನಿಂದಲೇ ಪ್ರತಿ ವರ್ಷ. ಉಳಿದವರಿಗೆ ಅಪಾಯಕ್ಕೆ ತಕ್ಕಂತೆ 1, 3 ಅಥವಾ 5 ವರ್ಷಕ್ಕೊಮ್ಮೆ. ಕೆರಳಿದ ಸಮಯದಲ್ಲಿ ಮಾಡಿಸಿದರೆ ಉರಿಯೂತದ ಕೋಶಬದಲಾವಣೆ ಡಿಸ್‌ಪ್ಲೇಸಿಯಾದಂತೆ ಕಂಡು ಗೊಂದಲವಾಗುತ್ತದೆ. ಸಾಧ್ಯವಾದಷ್ಟೂ ತಣ್ಣಗಾದಾಗ ಮಾಡಬೇಕು.

ಚಪ್ಪಟೆ ಡಿಸ್‌ಪ್ಲೇಸಿಯಾ ಹುಡುಕಲು ಒಳಪದರದ ಮೇಲೆ ನೀಲಿ ಬಣ್ಣ ಸಿಂಪಡಿಸುವ ಪದ್ಧತಿ ಇದೆ. ಬಣ್ಣ ತಗ್ಗುಗಳಲ್ಲಿ ನಿಂತು ಏರುಪೇರು ಎದ್ದು ಕಾಣುತ್ತದೆ, ಅಲ್ಲಿಂದಲೇ ಬಯಾಪ್ಸಿ ತೆಗೆಯುತ್ತಾರೆ. ಬಣ್ಣ ಬಳಸದಿದ್ದರೆ ಪ್ರತಿ 10 ಸೆಂಟಿಮೀಟರಿಗೆ ನಾಲ್ಕರಂತೆ 30ಕ್ಕೂ ಹೆಚ್ಚು ತುಣುಕು ತೆಗೆಯುವುದು ಹಳೆಯ ರೂಢಿ. ‘ಕೊಲೊನೋಸ್ಕೋಪಿ ನಾರ್ಮಲ್’ ಎಂದು ಬರೆದು ಒಂದೋ ಎರಡೋ ಬಯಾಪ್ಸಿ ತೆಗೆದ ವರದಿ ನಿಗಾದ ಕೆಲಸಕ್ಕೆ ಸಾಲದು. ಡಿಸ್‌ಪ್ಲೇಸಿಯಾ ಒಂದೇ ಜಾಗದಲ್ಲಿ ಅಂಚು ಕಾಣುವಂತಿದ್ದರೆ ದುರ್ಬೀನಿನಿಂದಲೇ ತೆಗೆಯಬಹುದು. ತೀವ್ರವಾಗಿದ್ದು ಅಂಚೇ ಕಾಣದಿದ್ದರೆ ಇಡೀ ದೊಡ್ಡ ಕರುಳು ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಒಂದು ತುಂಡು ಕತ್ತರಿಸಿದರೆ ಉಳಿದ ಭಾಗದಲ್ಲೂ ಅದೇ ಕೆಟ್ಟ ಕೋಶಗಳು ಹಬ್ಬಿರಬಹುದೆಂಬ ಕಾರಣಕ್ಕೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಮನೆಯ ತಯಾರಿಯಲ್ಲಿ. ಗುರೆಳ್ಳು, ಅಗಸಿ, ಎಳ್ಳು, ಬದನೆಕಾಯಿಯ ಬೀಜ, ಮೆಂತ್ಯೆ ಸೊಪ್ಪು, ಹೆಸರುಕಾಳು, ರೊಟ್ಟಿಗಳನ್ನು 2-3 ದಿನ ಮೊದಲೇ ಬಿಡಬೇಕು. ಗುರೆಳ್ಳು ದುರ್ಬೀನಿನ ಹೀರುವ ಕೊಳವೆಯನ್ನೇ ಕಟ್ಟಿಸುತ್ತದೆ. ಕಬ್ಬಿಣದ ಮಾತ್ರೆಯನ್ನು ವಾರ ಮೊದಲೇ ನಿಲ್ಲಿಸದಿದ್ದರೆ ಕರುಳಿನ ಗೋಡೆಗೆ ಕಪ್ಪು ಹತ್ತಿಕೊಂಡಿರುತ್ತದೆ. ಹಿಂದಿನ ದಿನ ಎಳನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಚಹಾ ಇಷ್ಟೇ. ಮಜ್ಜಿಗೆ ಬೇಡ, ಕೆಂಪು ಶರಬತ್ತೂ ಬೇಡ, ಅದು ರಕ್ತದಂತೆ ಕಾಣುತ್ತದೆ. ಭೇದಿಯ ಪುಡಿಯ ದ್ರಾವಣವನ್ನು ಒಂದೇ ಸಲ ಕುಡಿಯದೆ ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ತಾಸು ಮೊದಲು ಶುರುಮಾಡಿ 2 ತಾಸು ಇರುವಂತೆ ಮುಗಿಸಬೇಕು. ಕೊನೆಗೆ ಬರುವುದು ತಿಳಿ ಹಳದಿ ನೀರಾಗಿರಬೇಕು. ಕಂದು ನೀರಿದ್ದರೆ ತಯಾರಿ ಸಾಲದು ಎಂದು ಮೊದಲೇ ಹೇಳುವುದು ಒಳ್ಳೆಯದು. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ನುಂಗುವವರು ವಾರ ಮೊದಲೇ ವೈದ್ಯರನ್ನು ಕೇಳಬೇಕು, ತಾವಾಗಿ ನಿಲ್ಲಿಸಬಾರದು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಕೊಲೊನೋಸ್ಕೋಪಿಗೆ ಮಿರಜ್, ಹುಬ್ಬಳ್ಳಿಗೇ ಹೋಗಬೇಕೆಂದಿಲ್ಲ. ನೀಲಿ ಬಣ್ಣದ ಪದ್ಧತಿ ಎಲ್ಲಿ ಮಾಡುತ್ತಾರೆಂದು ಹೊರಡುವ ಮುಂಚೆ ಕೇಳಿಕೊಳ್ಳಬೇಕು. ಎಲ್ಲಿಗೆ ಹೋದರೂ ಒಂದು ಕಡತ ಬೇಕು: ಮೊದಲ ಲಕ್ಷಣ ಕಂಡ ವರ್ಷ, ಕಾಯಿಲೆ ಎಲ್ಲಿಯವರೆಗೆ ಹಬ್ಬಿತ್ತೆಂಬ ಹಳೆಯ ವರದಿ, ಎಲ್ಲ ಬಯಾಪ್ಸಿ ವರದಿಗಳು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಆಗ ಅವರ ವಯಸ್ಸು. ಡಿಸ್‌ಪ್ಲೇಸಿಯಾ ಎಂದು ಬರೆದಿದ್ದರೆ ಬಯಾಪ್ಸಿಯ ಗಾಜಿನ ಸ್ಲೈಡ್‌ಗಳನ್ನೇ ಕೇಳಿ ಪಡೆದು ಕರುಳಿನ ರೋಗಶಾಸ್ತ್ರದಲ್ಲಿ ನುರಿತ ಎರಡನೆಯ ತಜ್ಞರಿಗೆ ತೋರಿಸಬೇಕು. ಈ ಒಂದು ವರದಿಯಲ್ಲಿ ತಜ್ಞರ ನಡುವೆಯೇ ಅಭಿಪ್ರಾಯಭೇದ ಹೆಚ್ಚು, ಕರುಳು ತೆಗೆಯುವ ನಿರ್ಧಾರ ನಿಂತಿರುವುದೂ ಅದರ ಮೇಲೆಯೇ.